ಅವಿನಾಶಿಯಿಂದ ಕೊಳ್ಳೇಗಾಲಕ್ಕೆ: ಬದಲಾಗುವ ಕಾಯ್ದೆ ಮತ್ತು ಗಡಿನಾಡಿನ ವಕೀಲರು

1956ರ ಅಕ್ಟೋಬರ್ 31ರವರೆಗೆ ಅವಿನಾಶಿಯೂ ಕೊಳ್ಳೇಗಾಲವೂ ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಾಗಿದ್ದವು. ಎರಡೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಎರಡಕ್ಕೂ ಮದ್ರಾಸ್ ಶಾಸನಸಭೆಯ ಕಾಯ್ದೆಗಳು ಅನ್ವಯವಾಗುತ್ತಿದ್ದವು. ಎರಡೂ ಕಡೆಯ ಮೊಕದ್ದಮೆಗಳಿಗೆ ಮೇಲಿನ ನ್ಯಾಯಸ್ಥಾನ ಮದ್ರಾಸ್ ಹೈಕೋರ್ಟು. ಮರುದಿನ ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯಂತೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅವಿನಾಶಿ ಮದ್ರಾಸಿನಲ್ಲಿಯೇ ಉಳಿಯಿತು. ಈ ವಿಭಜನೆಯ ಭಾಷಿಕ ಹಾಗೂ ರಾಜಕೀಯ ಮುಖಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅಂದಿನಿಂದ ನ್ಯಾಯಾಲಯದ ಮೇಜಿನ ಮೇಲೆ ಯಾವ ಪುಸ್ತಕವಿರಬೇಕು, ಯಾವ ತೀರ್ಪನ್ನು ನೆಚ್ಚಬೇಕು, ಯಾವ ಕಾಯ್ದೆ ಜೀವಂತವಾಗಿದೆ, ಯಾವುದು ನಿರಸನಗೊಂಡಿದೆ ಎಂಬ ಪ್ರಶ್ನೆಗಳು ತಾಲ್ಲೂಕು ಮಟ್ಟದ ವಕೀಲನನ್ನು ಹೇಗೆ ಕಾಡಿದವು ಎಂಬುದರತ್ತ ಗಮನ ಹರಿದದ್ದು ಕಡಿಮೆ. ಕಾನೂನಿನ ಬದಲಾವಣೆಗಳನ್ನು ಕಾಲಕಾಲಕ್ಕೆ ತಿಳಿದುಕೊಳ್ಳುವುದು ವಕೀಲವೃತ್ತಿಯ ನಿತ್ಯದ ಹೊರೆ. ಗಡಿನಾಡಿನಲ್ಲಿ ಆ ಹೊರೆಗೆ ಚರಿತ್ರೆಯ ಭಾರವೂ ಸೇರಿತು.

ಕೊಯಮತ್ತೂರು ಸೀಮೆ 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದಕ್ಕೆ ಮೊದಲು ಬಹುಕಾಲ ಅದು ಮೈಸೂರಿನ ಆಳ್ವಿಕೆಯಲ್ಲಿತ್ತು. ಕಂಪನಿ ಸರಕಾರ 1802ರಲ್ಲಿ ತನ್ನ ನಿಬಂಧನೆಗಳನ್ನೆಲ್ಲ ಕ್ರಮಸಂಖ್ಯೆ ಕೊಟ್ಟು ಒಂದು ಸಂಹಿತೆಯಾಗಿ ಜೋಡಿಸುವ ಕ್ರಮವನ್ನು ಮದ್ರಾಸ್ ಪ್ರಾಂತದಲ್ಲಿ ಜಾರಿಗೆ ತಂದಿತು. 1816ರ 6ನೆಯ ನಿಬಂಧನೆ ಜಿಲ್ಲಾ ಮುನ್ಸೀಫರನ್ನು ನೆಲೆಗೊಳಿಸಿತು. ಅದೇ ವರ್ಷದ 14ನೆಯ ನಿಬಂಧನೆ ವಕೀಲರ ನೇಮಕ ಹಾಗೂ ನಡವಳಿಕೆಯನ್ನು ಕುರಿತದ್ದು. ಹೀಗೆ ನ್ಯಾಯಾಧಿಕಾರಿ, ವಕೀಲ, ಅಚ್ಚಾದ ಕಾಯ್ದೆ ಎಂಬ ಮೂರು ಅಂಗಗಳು ಹಳ್ಳಿಗಾಡಿನವರೆಗೆ ಬಂದವು. ಅಚ್ಚಾದ ಕಾಯ್ದೆಗೆ ಒಂದು ವಿಶೇಷ ಗುಣವಿದೆ: ಅದನ್ನು ಮುಂದಿನ ಕಾಯ್ದೆ ತಿದ್ದಬಲ್ಲದು, ತೀರ್ಪು ಅರ್ಥೈಸಬಲ್ಲದು, ಮೇಲಿನ ನ್ಯಾಯಾಲಯ ಅಸಿಂಧುವೆಂದು ಸಾರಬಲ್ಲದು, ಆದರೆ ಕಪಾಟಿನಲ್ಲಿರುವ ಹಳೆಯ ಪ್ರತಿಯಲ್ಲಿ ಇದಾವುದರ ಗುರುತೂ ತಾನಾಗಿ ಮೂಡುವುದಿಲ್ಲ. ಅದನ್ನು ಮೂಡಿಸಬೇಕಾದವನು ವಕೀಲ.

1862ರಲ್ಲಿ ಮದ್ರಾಸ್ ಹೈಕೋರ್ಟು ಸ್ಥಾಪನೆಯಾದ ಮೇಲೆ ತೀರ್ಪುಗಳ ವರದಿಗೆ ಹೊಸ ಮಹತ್ವ ಬಂತು. 1875ರ ಕಾಯ್ದೆಯ ಆಧಾರದ ಮೇಲೆ ಇಂಡಿಯನ್ ಲಾ ರಿಪೋರ್ಟ್ಸ್ ಎಂಬ ಅಧಿಕೃತ ಮಾಲೆ ಮರುವರ್ಷದಿಂದ ಹೊರಬರತೊಡಗಿತು; ಅದರಲ್ಲಿ ಮದ್ರಾಸಿಗೆ ಪ್ರತ್ಯೇಕ ಶ್ರೇಣಿಯಿತ್ತು. ಅಧಿಕೃತ ಮಾಲೆಯೊಂದೇ ವಕೀಲರ ಅಗತ್ಯವನ್ನು ಪೂರೈಸಲಿಲ್ಲ. 1891ರಲ್ಲಿ ಮದ್ರಾಸ್ ಲಾ ಜರ್ನಲ್, 1910ರಲ್ಲಿ ಮದ್ರಾಸ್ ವೀಕ್ಲಿ ನೋಟ್ಸ್, 1914ರಲ್ಲಿ ಲಾ ವೀಕ್ಲಿ ಹುಟ್ಟಿಕೊಂಡವು. ನಾಗಪುರದಿಂದ ಆಲ್ ಇಂಡಿಯಾ ರಿಪೋರ್ಟರ್ ಆರಂಭವಾಯಿತು. ಇವುಗಳ ಹೆಸರುಗಳಲ್ಲಿಯೇ ವೃತ್ತಿಯ ಕಾತರ ಕಾಣುತ್ತದೆ: ‘ವೀಕ್ಲಿ’ ಎಂಬ ಮಾತು ವಾರದೊಳಗೆ ಸುದ್ದಿ ತಲಪಿಸುವ ಭರವಸೆ. ಮದ್ರಾಸು ನಗರದ ವಕೀಲ ತೀರ್ಪನ್ನು ನ್ಯಾಯಾಲಯದ ಪಡಸಾಲೆಯಲ್ಲಿಯೇ ಕೇಳಿ ತಿಳಿಯಬಹುದಿತ್ತು. ಕೊಂಗುನಾಡಿನ ಮುನ್ಸೀಫ್ ಕೋರ್ಟಿನಲ್ಲಿ ವಕಾಲತ್ತು ಹಾಕುವವನಿಗೆ ಅಂಚೆಯಲ್ಲಿ ಬರುವ ಸಂಚಿಕೆಯೇ ದಾರಿ.

ನಗರಕ್ಕೂ ತಾಲ್ಲೂಕಿಗೂ ಇನ್ನೊಂದು ಅಂತರವಿತ್ತು. ಮದ್ರಾಸು ನಗರದಲ್ಲಿ ಇಂಗ್ಲೆಂಡಿನ ಮಾದರಿಯಂತೆ ಕಕ್ಷಿದಾರರ ಕಾಗದಪತ್ರ ನೋಡುವ ಸಾಲಿಸಿಟರುಗಳು, ವಾದ ಮಂಡಿಸುವ ಬ್ಯಾರಿಸ್ಟರುಗಳು ಎಂಬ ವಿಭಾಗ ಸ್ವಲ್ಪಮಟ್ಟಿಗೆ ಇತ್ತು. ಮುಫಸಲಿನಲ್ಲಿ ಈ ವಿಭಾಗಕ್ಕೆ ಆಸ್ಪದವೇ ಇರಲಿಲ್ಲ. ಜಮೀನಿನ ಪಾಲು, ಸಾಲಪತ್ರ, ದೇವಸ್ಥಾನದ ಧರ್ಮಕರ್ತತ್ವ, ಹೊಡೆದಾಟ ಎಲ್ಲವೂ ಒಬ್ಬನೇ ವಕೀಲನ ಬಳಿಗೆ ಬರುತ್ತಿದ್ದವು. ಆದುದರಿಂದ ಅವನು ಒಂದು ಶಾಖೆಯ ಬೆಳವಣಿಗೆಯನ್ನಷ್ಟೇ ಹಿಂಬಾಲಿಸಿದರೆ ಸಾಲದಾಗಿತ್ತು. ಎಲ್ಲ ಶಾಖೆಗಳ ಮೇಲೂ ಕಣ್ಣಿಡಬೇಕಾಗಿತ್ತು.

1938ರ ಮದ್ರಾಸ್ ಕೃಷಿಕರ ಪರಿಹಾರ ಕಾಯ್ದೆ ಇದಕ್ಕೆ ಒಳ್ಳೆಯ ನಿದರ್ಶನ. ರಾಜಾಜಿಯವರ ಮಂತ್ರಿಮಂಡಲ ತಂದ ಈ ಕಾಯ್ದೆಯಂತೆ, 1932ರ ಅಕ್ಟೋಬರಿಗೆ ಮೊದಲು ಕೃಷಿಕನು ಮಾಡಿದ ಸಾಲದ ಮೇಲೆ 1937ರ ಅಕ್ಟೋಬರ್ 1ರಂದು ಬಾಕಿಯಿದ್ದ ಬಡ್ಡಿಯೆಲ್ಲ ತೀರಿದಂತೆ ಭಾವಿಸಬೇಕಾಗಿತ್ತು. ಅಸಲಿನ ಎರಡರಷ್ಟು ಈಗಾಗಲೇ ಸಂದಾಯವಾಗಿದ್ದರೆ ಸಾಲವೇ ತೀರಿತೆಂದು ಲೆಕ್ಕ. ‘ಕೃಷಿಕ’ ಎಂದರೆ ಯಾರು, ಸಾಲ ಹುಟ್ಟಿದ್ದು ಯಾವ ತಾರೀಖಿನಲ್ಲಿ, ನವೀಕರಿಸಿದ ಪತ್ರವನ್ನು ಹಳೆಯ ಸಾಲವೆಂದೇ ಎಣಿಸಬೇಕೇ ಎಂಬ ಪ್ರಶ್ನೆಗಳ ಸುತ್ತ ತೀರ್ಪುಗಳು ಬೆಳೆದವು. ಅವಿನಾಶಿಯ ಹತ್ತಿ ಬೆಳೆಗಾರನಾಗಲಿ ಕೊಳ್ಳೇಗಾಲದ ಒಕ್ಕಲಿಗನಾಗಲಿ ತನ್ನ ಹೊಲವನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ಆ ತಿಂಗಳ ಕಾನೂನು ವರದಿಯನ್ನು ಅವನ ವಕೀಲ ಓದಿದ್ದನೇ ಇಲ್ಲವೇ ಎಂಬುದನ್ನು ಅವಲಂಬಿಸಿರಬಹುದಾಗಿತ್ತು.

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಮದ್ರಾಸ್ ಸರಕಾರದಲ್ಲಿ ತಮಿಳು, ತೆಲುಗು, ಮಲಯಾಳಗಳೊಂದಿಗೆ ಕನ್ನಡಕ್ಕೂ ಸರಕಾರೀ ಭಾಷಾಂತರಕಾರರಿದ್ದರು. ಕಾಯ್ದೆಯ ಪಾಠ ದೇಶಭಾಷೆಗೆ ಬರುವುದಕ್ಕೆ ಒಂದು ವ್ಯವಸ್ಥೆಯಿತ್ತು. ಆದರೆ ಆ ಕಾಯ್ದೆಗೆ ನಿಜವಾದ ಅರ್ಥ ಕೊಡುವ ತೀರ್ಪುಗಳ ವರದಿ ಇಂಗ್ಲಿಷಿನಲ್ಲಿಯೇ ಉಳಿಯಿತು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ಬೀದಿಯಲ್ಲಿ ಅವರ ಮಾತು ತಮಿಳು. ಅಂಥ ಕಕ್ಷಿದಾರನಿಗೆ ಕಾನೂನು ಎರಡು ಭಾಷಾಂತರಗಳನ್ನು ದಾಟಿ ತಲಪುತ್ತಿತ್ತು: ಇಂಗ್ಲಿಷಿನಿಂದ ತಮಿಳಿಗೆ, ತಮಿಳಿನಿಂದ ಮನೆಯ ಕನ್ನಡಕ್ಕೆ. ವಕೀಲ ಹೇಳಿದ್ದು ಹಳತಾಗಿದೆಯೇ ಎಂದು ಪರಿಶೀಲಿಸಿ ನೋಡುವ ಉಪಾಯ ಅವನ ಕೈಯಲ್ಲಿರಲಿಲ್ಲ. ವಕೀಲನ ಅಧ್ಯಯನದ ಲೋಪ ಅಲ್ಪಸಂಖ್ಯಾತ ಭಾಷಿಕನಿಗೆ ಇತರರಿಗಿಂತ ಹೆಚ್ಚು ದುಬಾರಿಯಾಗುವುದು ಈ ಕಾರಣದಿಂದ.

1956ರ ವಿಭಜನೆಗೆ ಮರಳಿದರೆ, ರಾಜ್ಯ ಪುನರ್ವಿಂಗಡಣೆಯ ಕಾಯ್ದೆಯ 7ನೆಯ ಕಲಮು ಹೊಸ ಮೈಸೂರು ರಾಜ್ಯದ ಅಂಗಗಳನ್ನು ಎಣಿಸುತ್ತದೆ. ಮದ್ರಾಸಿನಿಂದ ಬಂದದ್ದು ಎರಡು ತುಂಡು: ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟ ದಕ್ಷಿಣ ಕನ್ನಡ ಜಿಲ್ಲೆ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಅದೇ ಕಾಯ್ದೆಯ 119ನೆಯ ಕಲಮು ವಕೀಲರ ಪಾಲಿಗೆ ಇನ್ನೂ ಮುಖ್ಯವಾದದ್ದು. ಗಡಿ ಬದಲಾದ ಮಾತ್ರಕ್ಕೆ ಕಾಯ್ದೆಗಳ ವ್ಯಾಪ್ತಿ ಬದಲಾಗುವುದಿಲ್ಲ, ಸಮರ್ಥ ಶಾಸನಸಭೆ ಬೇರೆ ಏರ್ಪಾಡು ಮಾಡುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ಅಲ್ಲಿ ಮುಂದುವರಿಯುತ್ತದೆ ಎಂಬುದು ಅದರ ತಾತ್ಪರ್ಯ. ಹೀಗಾಗಿ ಕೊಳ್ಳೇಗಾಲ ರಾಜ್ಯವನ್ನು ಬದಲಿಸಿತು, ಹೈಕೋರ್ಟನ್ನು ಬದಲಿಸಿತು, ಆದರೆ ಕಾನೂನನ್ನು ಒಮ್ಮೆಗೇ ಬದಲಿಸಲಿಲ್ಲ. ಮೈಸೂರಿನ ಶಾಸನಗಳ ಪರಿಭಾಷೆಯಲ್ಲಿ ‘ಮೈಸೂರು ಪ್ರದೇಶ’, ‘ಮುಂಬಯಿ ಪ್ರದೇಶ’, ‘ಹೈದರಾಬಾದ್ ಪ್ರದೇಶ’ಗಳ ಜೊತೆಗೆ ‘ಮದ್ರಾಸ್ ಪ್ರದೇಶ’ ಎಂಬ ಮಾತು ನೆಲೆನಿಂತಿತು. ಅವಿನಾಶಿಯ ವಕೀಲನಿಗೆ ಮದ್ರಾಸ್ ಎಂದರೆ ರಾಜ್ಯ. ಕೊಳ್ಳೇಗಾಲದ ವಕೀಲನಿಗೆ ಅದು ಶಾಸನದ ವ್ಯಾಖ್ಯಾನದಲ್ಲಿ ಉಳಿದ ಒಂದು ನೆರಳು.

ಮುಂದಿನ ಹತ್ತು ವರ್ಷಗಳಲ್ಲಿ ಆ ನೆರಳು ಒಂದೊಂದೇ ಕ್ಷೇತ್ರದಿಂದ ಹಿಂದೆ ಸರಿಯಿತು. 1957ರಲ್ಲಿ ಮಾರಾಟ ತೆರಿಗೆ ಮತ್ತು ಮುದ್ರಾಂಕ, 1958ರಲ್ಲಿ ನ್ಯಾಯಾಲಯ ಶುಲ್ಕ, 1961ರಲ್ಲಿ ಬಾಡಿಗೆ ನಿಯಂತ್ರಣ ಮತ್ತು ಭೂಸುಧಾರಣೆ, 1964ರಲ್ಲಿ ಭೂಕಂದಾಯ ಹಾಗೂ ಸಿವಿಲ್ ನ್ಯಾಯಾಲಯಗಳು: ಹೀಗೆ ಇಡೀ ರಾಜ್ಯಕ್ಕೆ ಏಕರೂಪದ ಕಾಯ್ದೆಗಳು ಬಂದವು. ಪ್ರತಿಯೊಂದಕ್ಕೂ ಜಾರಿಯ ದಿನಾಂಕ ಬೇರೆ. ಭೂಸುಧಾರಣೆಯ ಕಾಯ್ದೆ 1961ರದಾದರೂ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾಯ್ದೆಯ ಹೆಸರಿನಲ್ಲಿರುವ ವರ್ಷವನ್ನೇ ನಂಬಿದವನು ನಾಲ್ಕು ವರ್ಷ ತಪ್ಪುತ್ತಿದ್ದ.

ಆದರೆ ಒಂದು ಕ್ಷೇತ್ರದಲ್ಲಿ ಮದ್ರಾಸಿನ ನೆರಳು ಬಹುಕಾಲ ಉಳಿಯಿತು. ಅದು ದೇವಸ್ಥಾನಗಳ ಕ್ಷೇತ್ರ. 1951ರ ಮದ್ರಾಸ್ ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಅವಿನಾಶಿಯ ಅವಿನಾಶಿಲಿಂಗೇಶ್ವರ ದೇಗುಲದ ಸೀಮೆಗೆ ಹೇಗೋ ಹಾಗೆಯೇ ಮಲೆ ಮಹದೇಶ್ವರ ಬೆಟ್ಟವನ್ನು ಒಳಗೊಂಡ ಕೊಳ್ಳೇಗಾಲ ಸೀಮೆಗೂ ಉಡುಪಿಯ ಸೀಮೆಗೂ ಅನ್ವಯಿಸುತ್ತಿತ್ತು. ಉಡುಪಿಯ ಶೀರೂರು ಮಠ ಹೂಡಿದ ಪ್ರಕರಣದಲ್ಲಿ 1954ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯ್ದೆಯ ಹಲವು ಕಲಮುಗಳನ್ನು ಸಂವಿಧಾನವಿರೋಧಿಯೆಂದು ತಳ್ಳಿಹಾಕಿತು. ದತ್ತಿಗಳಿಂದ ವಂತಿಗೆ ವಸೂಲು ಮಾಡುವ 76ನೆಯ ಕಲಮಿನ ಭಾಗವೂ ಅದರಲ್ಲಿ ಸೇರಿತ್ತು. ಕನ್ನಡ ನಾಡಿನ ಮಠವೊಂದರ ವ್ಯಾಜ್ಯ ಅವಿನಾಶಿಯ ವಕೀಲನ ಕಾಯ್ದೆ ಪುಸ್ತಕದಲ್ಲಿಯೂ ಗೆರೆ ಎಳೆಸಿತು.

ಆಮೇಲೆ ದಾರಿಗಳು ಕವಲಾದವು. ಮದ್ರಾಸ್ ರಾಜ್ಯ 1959ರಲ್ಲಿ ಹೊಸ ಕಾಯ್ದೆಯನ್ನು ಮಾಡಿ 1960ರ ಜನವರಿ 1ರಿಂದ ಜಾರಿಗೆ ತಂದಿತು. ಅವಿನಾಶಿಯಲ್ಲಿ 1951ರ ಕಾಯ್ದೆಯ ಆಯುಷ್ಯ ಹತ್ತು ವರ್ಷವನ್ನೂ ಮುಟ್ಟಲಿಲ್ಲ. ಕೊಳ್ಳೇಗಾಲ ಮತ್ತು ದಕ್ಷಿಣ ಕನ್ನಡಗಳಲ್ಲಾದರೋ ಅದು ‘ಮದ್ರಾಸ್ ಪ್ರದೇಶ’ದ ಕಾನೂನಾಗಿ ಮುಂದುವರಿಯಿತು, ಕರ್ನಾಟಕದ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆ 2003ರ ಮೇ 1ರಂದು ಜಾರಿಗೆ ಬರುವವರೆಗೂ ನಡೆಯಿತು. ಹುಟ್ಟಿದ ಮನೆಯಲ್ಲಿ ಅಳಿದ ಕಾಯ್ದೆ ಬಿಟ್ಟುಹೋದ ಮನೆಯಲ್ಲಿ ಅರ್ಧ ಶತಮಾನ ಬಾಳಿತು. ಇದರ ಪರಿಣಾಮ ವಿಚಿತ್ರವಾದದ್ದು. 1960ರ ನಂತರ ಮದ್ರಾಸ್ ಹೈಕೋರ್ಟು ಕೊಡುತ್ತಿದ್ದ ದೇವಸ್ಥಾನ ಸಂಬಂಧದ ತೀರ್ಪುಗಳು ಬಹುಮಟ್ಟಿಗೆ ಹೊಸ ಕಾಯ್ದೆಯನ್ನು ಕುರಿತವು. ಕಲಮುಗಳ ಸಂಖ್ಯೆಯೂ ಮಾತುಗಳೂ ಬೇರೆ. ಕೊಳ್ಳೇಗಾಲದ ವಕೀಲ ಅವನ್ನು ಹಳೆಯ ಪಾಠದೊಂದಿಗೆ ಹೋಲಿಸಿ ನೋಡದೆ ಬಳಸುವಂತಿರಲಿಲ್ಲ. ಬಳಸಿದರೂ ಬೆಂಗಳೂರಿನಲ್ಲಿ ಅವುಗಳಿಗಿದ್ದದ್ದು ಮನವೊಲಿಸುವ ಬೆಲೆ ಮಾತ್ರ, ಬಂಧಿಸುವ ಬಲವಲ್ಲ.

ಗಡಿಯ ಇತರ ಭಾಗಗಳಲ್ಲಿಯೂ ಇದೇ ಬಗೆಯ ತೊಡಕುಗಳಿದ್ದವು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮಂಗಳೂರಿನಲ್ಲಿ ಮೈಸೂರು ರಾಜ್ಯದೊಳಗೂ ಕಾಸರಗೋಡಿನಲ್ಲಿ ಕೇರಳ ರಾಜ್ಯದೊಳಗೂ ಉಳಿಯಿತು. ಕೇರಳ 1975ರಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸುವ ಕಾಯ್ದೆ ಮಾಡಿ 1976ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಚಂದ್ರಗಿರಿಯ ಸೀಮೆಯಲ್ಲಿಯೂ ನೇತ್ರಾವತಿಯ ಸೀಮೆಯಲ್ಲಿಯೂ ಆಸ್ತಿ ಹೊಂದಿದ ಒಂದೇ ಕುಟುಂಬಕ್ಕೆ ಎರಡು ಕಾನೂನುಗಳು. ತಾಳವಾಡಿಯ ಕನ್ನಡಿಗರಾದರೋ ಮದ್ರಾಸಿನಲ್ಲಿಯೇ ಉಳಿದರು. ತಮಿಳುನಾಡು 1976ರಲ್ಲಿ ರಾಜ್ಯಭಾಷಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಅಲ್ಲಿನ ಕೆಳ ನ್ಯಾಯಾಲಯಗಳ ಭಾಷೆ ತಮಿಳಾಯಿತು. ಬಹುಸಂಖ್ಯಾತ ಕಕ್ಷಿದಾರರಿಗೆ ಇದರಿಂದ ನ್ಯಾಯಾಲಯ ಹತ್ತಿರವಾದದ್ದು ನಿಜ. ತಾಳವಾಡಿಯ ರೈತನಿಗೂ ಕನ್ನಡ ಮನೆಮಾತಿನ ನೇಕಾರನಿಗೂ ಅದು ಇನ್ನೊಂದು ದಾಟು.

ಕಾನೂನಿನ ಶಾಖೆಗಳು ಹೆಚ್ಚಿದಂತೆ ಹೊರೆಯೂ ಹೆಚ್ಚಿತು. ತಿರುಪ್ಪೂರಿನ ಬಣ್ಣಗಾರಿಕೆಯ ಘಟಕಗಳಿಂದ ನೊಯ್ಯಲ್ ನದಿ ಕೆಟ್ಟದ್ದನ್ನು ಕುರಿತು ಆಯಕಟ್ಟಿನ ರೈತರು ಹೂಡಿದ ಹೋರಾಟ ಮದ್ರಾಸ್ ಹೈಕೋರ್ಟಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯಿತು; 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು, 2011ರ ಜನವರಿಯಲ್ಲಿ ಘಟಕಗಳನ್ನು ಮುಚ್ಚುವಂತೆ ಹೈಕೋರ್ಟು ಆದೇಶಿಸಿತು. ಅದುವರೆಗೆ ಜಮೀನಿನ ಮೊಕದ್ದಮೆಗಳನ್ನೇ ನಡೆಸುತ್ತಿದ್ದ ಸೀಮೆಯಲ್ಲಿ 1974ರ ಜಲ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ‘ಮಾಲಿನ್ಯ ಮಾಡಿದವನೇ ತೆರಬೇಕು’ ಎಂಬ ತತ್ತ್ವ ಇವೆಲ್ಲ ರೈತನಿಗೂ ಕಾರ್ಮಿಕನಿಗೂ ಮಾಲೀಕನಿಗೂ ಒಂದೇ ದಿನ ಬೇಕಾದ ತಿಳಿವಳಿಕೆಯಾದವು. 2024ರ ಜುಲೈ 1ರಂದು ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಾಗ ಕೊಲೆಯ 302ನೆಯ ಕಲಮು 103 ಆಯಿತು, ವಂಚನೆಯ 420 ಹೋಗಿ 318ರ ಉಪಕಲಮಾಯಿತು. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಕೊಳ್ಳೇಗಾಲದ ಹಳೆಯ ಅಭ್ಯಾಸ ಈಗ ದೇಶಕ್ಕೆಲ್ಲ ಬಂದಿದೆ.

ಈ ಅಭ್ಯಾಸವನ್ನು ಯಾರು ಕಲಿಸಬೇಕು ಎಂಬ ಪ್ರಶ್ನೆಗೆ ಭಾರತದಲ್ಲಿ ಸ್ಪಷ್ಟ ಉತ್ತರವಿಲ್ಲ. ಇಂಗ್ಲೆಂಡಿನ ಸಾಲಿಸಿಟರುಗಳಿಗೆ ವರ್ಷಕ್ಕೆ 16 ಗಂಟೆಗಳ ಮುಂದುವರಿದ ಕಲಿಕೆ ಕಡ್ಡಾಯವಾಗಿತ್ತು. 2016ರಲ್ಲಿ ಗಂಟೆಗಳ ಲೆಕ್ಕ ಕೈಬಿಟ್ಟು, ತನ್ನ ಅರ್ಹತೆಯನ್ನು ತಾನೇ ಕಾಯ್ದುಕೊಳ್ಳುವ ಹೊಣೆಯನ್ನು ಪ್ರತಿಯೊಬ್ಬರ ಮೇಲೆ ಹೊರಿಸಲಾಯಿತು. ಭಾರತದ 1961ರ ವಕೀಲರ ಕಾಯ್ದೆ ವಿಚಾರಗೋಷ್ಠಿ ನಡೆಸುವ, ಕಾನೂನು ಪತ್ರಿಕೆ ಹೊರಡಿಸುವ ಕೆಲಸವನ್ನು ವಕೀಲರ ಪರಿಷತ್ತುಗಳಿಗೆ ಒಪ್ಪಿಸಿದೆ. ವಕೀಲನಿಗೆ ಗಂಟೆಗಳ ಕಟ್ಟಳೆಯನ್ನು ವಿಧಿಸಿಲ್ಲ. ಉಳಿದದ್ದು ವಕೀಲರ ಸಂಘದ ಗ್ರಂಥಾಲಯ, ಹಿರಿಯರ ಕಚೇರಿ ಮತ್ತು ಅವರವರ ಶ್ರದ್ಧೆ.

2023ರಿಂದ ಸರ್ವೋಚ್ಚ ನ್ಯಾಯಾಲಯದ ಅಧಿಕೃತ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತಿವೆ. 2019ರಿಂದ ಕೆಲವು ತೀರ್ಪುಗಳ ಕನ್ನಡ, ತಮಿಳು ಭಾಷಾಂತರಗಳೂ ಬರುತ್ತಿವೆ. ಆದರೂ ಸಂವಿಧಾನದ 348ನೆಯ ಅನುಚ್ಛೇದದ ಚೌಕಟ್ಟಿನಲ್ಲಿ ಇಂಗ್ಲಿಷ್ ಪಾಠವೇ ಪ್ರಮಾಣ. ಭಾಷಾಂತರ ಕಕ್ಷಿದಾರನ ತಿಳಿವಳಿಕೆಗೆ ಮಾತ್ರ. ಅಂಚೆಗಾಗಿ ಕಾಯುವ ಕಾಲ ಮುಗಿದಿರುವುದರಿಂದ ಅವಿನಾಶಿಯ ವಕೀಲನಿಗೂ ಕೊಳ್ಳೇಗಾಲದ ವಕೀಲನಿಗೂ ತೀರ್ಪು ಒಂದೇ ಸಂಜೆ ತಲಪುತ್ತದೆ. ಅದು ಯಾವ ಸೀಮೆಯ ಯಾವ ಪಾಠಕ್ಕೆ, ಯಾವ ದಿನಾಂಕದಿಂದ ಅನ್ವಯವಾಗುತ್ತದೆ ಎಂಬುದನ್ನು ಗುರುತಿಸುವ ಕೆಲಸ ಮಾತ್ರ ಮೊದಲಿನಂತೆಯೇ ಉಳಿದಿದೆ. ಅದನ್ನು ಕನ್ನಡದಲ್ಲಿ ಕಕ್ಷಿದಾರನಿಗೆ ತಿಳಿಯಹೇಳುವ ಕೆಲಸವೂ ಹಾಗೆಯೇ. ಗಡಿನಾಡಿನ ವಕೀಲರ ಸಂಘಗಳ ಕಪಾಟುಗಳಲ್ಲಿ ಉಳಿದಿರಬಹುದಾದ, ಅಂಚುಗಳಲ್ಲಿ ಶಾಯಿಯ ತಿದ್ದುಗಳಿರುವ ಮದ್ರಾಸ್ ಕಾಯ್ದೆಯ ಪ್ರತಿಗಳು ಹಳತೆಂದು ತೂಕಕ್ಕೆ ಹೋಗುವ ಮೊದಲು ಸಂಗ್ರಹವಾಗುವುದು ಅಗತ್ಯ. ಕೊಳ್ಳೇಗಾಲದಲ್ಲಿ ಒಂದು ಕಾನೂನು ಯಾವಾಗ ಕೊನೆಗೊಂಡಿತು, ಇನ್ನೊಂದು ಯಾವಾಗ ಆರಂಭವಾಯಿತು ಎಂಬುದಕ್ಕೆ ರಾಜ್ಯಪತ್ರ ಒಂದು ದಿನಾಂಕವನ್ನು ಕೊಡುತ್ತದೆ. ಆ ದಿನಾಂಕ ಜನರ ವ್ಯವಹಾರಕ್ಕೆ ಇಳಿದದ್ದು ಯಾವಾಗ ಎಂಬುದಕ್ಕೆ ಸಾಕ್ಷ್ಯ ಆ ಅಂಚುಗಳಲ್ಲಿಯೇ ಸಿಕ್ಕಬೇಕು.