ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ: ಮುಖ್ಯಸ್ಥರ ಕೆಲಸವೇನು?

ನಮ್ಮ ಗಡಿ ಊರುಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರ ಮನೆಗಳಿವೆ. ಡಾಕ್ಟರಾಗಿ ಅಮೆರಿಕಕ್ಕೆ ಹೋದ ಮಕ್ಕಳಿರುವ ಮನೆಗಳೂ ಇವೆ. ಅಲ್ಲಿರುವವರು ಫೋನಿನಲ್ಲಿ 'ವಿ.ಎ. ಆಸ್ಪತ್ರೆ' ಎಂದರೆ ಅದು ಅಮೆರಿಕ ಸರ್ಕಾರ ಮಾಜಿ ಸೈನಿಕರಿಗಾಗಿಯೇ ನಡೆಸುವ ಆಸ್ಪತ್ರೆ ಎಂದು ತಿಳಿಯಬೇಕು. ಅದರ ಚರ್ಮರೋಗ ವಿಭಾಗವನ್ನು ನಡೆಸುವುದು ಎಂದರೆ ಏನು, ಅದರಿಂದ ನಮ್ಮ ಮಾಜಿ ಸೈನಿಕರು ತಿಳಿಯಬೇಕಾದದ್ದೇನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಚರ್ಮರೋಗವೆಂದರೆ ತುರಿಕೆ, ಮುಲಾಮು ಎಂದು ಹಗುರವಾಗಿ ಕಾಣುವವರು ಬಹಳ. ಆದರೆ ಸೇವೆಯ ಕಾಲದಲ್ಲಿ ಮೈಮೇಲೆ ಬಿದ್ದ ಬಿಸಿಲು, ಬೆಂಕಿ, ರಾಸಾಯನಿಕಗಳು ನಲವತ್ತು ವರ್ಷ ಕಳೆದ ಮೇಲೂ ಚರ್ಮದಲ್ಲಿ ರೋಗವಾಗಿ ಕಾಣಿಸಿಕೊಳ್ಳಬಹುದು.

ಈ ವ್ಯವಸ್ಥೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆ ಆಶ್ರಯ ಕಟ್ಟುವ ಕಾನೂನಿಗೆ ಲಿಂಕನ್ ಸಹಿ ಹಾಕಿದ್ದು 1865ರ ಮಾರ್ಚ್‌ನಲ್ಲಿ. ಮೊದಲ ಆಶ್ರಯಧಾಮ 1866ರಲ್ಲಿ ಮೇಯ್ನ್ ರಾಜ್ಯದ ಟೋಗಸ್‌ನಲ್ಲಿ ತೆರೆಯಿತು. ಈಗ ಸುಮಾರು 170 ಆಸ್ಪತ್ರೆಗಳು, ಸಾವಿರಕ್ಕೂ ಹೆಚ್ಚು ಹೊರರೋಗಿ ಕೇಂದ್ರಗಳು ಮತ್ತು ಸುಮಾರು 90 ಲಕ್ಷ ನೋಂದಾಯಿತ ಮಾಜಿ ಸೈನಿಕರು ಇದ್ದಾರೆ. 1946ರ ಜನವರಿಯಲ್ಲಿ ಈ ಆಸ್ಪತ್ರೆಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಜೋಡಿಸುವ ಆದೇಶ ಹೊರಟಿತು. ಅದರಿಂದಾಗಿ ಇಂದಿಗೂ ವಿಭಾಗ ಮುಖ್ಯಸ್ಥರು ಸಾಮಾನ್ಯವಾಗಿ ಪಕ್ಕದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆಗಿರುತ್ತಾರೆ. ರೋಗಿಯನ್ನು ಮೊದಲು ನೋಡುವವರು ಬಹುಪಾಲು ಕಲಿಯುತ್ತಿರುವ ಕಿರಿಯ ಡಾಕ್ಟರುಗಳು, ಹೊಣೆ ಮುಖ್ಯಸ್ಥರದು. ಖಾಸಗಿಯಲ್ಲಿ ಚರ್ಮರೋಗ ತಜ್ಞರಿಗೆ ಸಿಗುವ ಸಂಬಳ ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಹುದ್ದೆಗೆ ಜನ ಹುಡುಕುವುದೂ ಅವರ ಪಾಲಿಗೇ ಬರುತ್ತದೆ.

ಸರತಿಯ ಪ್ರಶ್ನೆ

ಮುಖ್ಯಸ್ಥರ ಮೊದಲ ಕೆಲಸ ಯಾರನ್ನು ಯಾವಾಗ ನೋಡಬೇಕು ಎಂದು ತೀರ್ಮಾನಿಸುವುದು. 2014ರಲ್ಲಿ ಅರಿಜೋನಾದ ಫೀನಿಕ್ಸ್ ವಿ.ಎ. ಆಸ್ಪತ್ರೆಯಲ್ಲಿ ಕಾಯುತ್ತಿದ್ದವರ ನಿಜವಾದ ಪಟ್ಟಿಯನ್ನು ಮರೆಮಾಚಿದ್ದು ಬಯಲಾಗಿ ಇಲಾಖೆಯ ಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಆಮೇಲೆ ಬಂದ 2018ರ ಕಾನೂನಿನಡಿ ರೂಪಿಸಿದ ನಿಯಮ ಹೀಗಿದೆ: ತಜ್ಞರ ಭೇಟಿಗೆ 28 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ, ಅಥವಾ ಆಸ್ಪತ್ರೆಗೆ ಹೋಗಲು ಸರಾಸರಿ 60 ನಿಮಿಷಕ್ಕಿಂತ ಹೆಚ್ಚು ವಾಹನದಲ್ಲಿ ಪ್ರಯಾಣಿಸಬೇಕಾದರೆ, ಸರ್ಕಾರದ ಖರ್ಚಿನಲ್ಲಿ ಹೊರಗಿನ ಡಾಕ್ಟರ ಹತ್ತಿರ ಹೋಗಬಹುದು. ರೋಗಿಗೆ ಇದು ಅನುಕೂಲವೇ. ಆದರೆ ಹೊರಗೆ ತೆಗೆದ ಬಯಾಪ್ಸಿಯ ವರದಿ ಒಳಗಿನ ಕಡತಕ್ಕೆ ಸೇರಿತೇ ಎಂದು ಬೆನ್ನುಹತ್ತಿ ನೋಡುವವರು ಬೇಕು.

ಬಯಾಪ್ಸಿಯ ವಿಷಯದಲ್ಲಿ ವಿ.ಎ. ನಿಯಮ ಖಚಿತವಾಗಿದೆ. ಮುಂದೆ ಚಿಕಿತ್ಸೆ ಬೇಕೆಂದು ತೋರಿಸುವ ಫಲಿತಾಂಶವನ್ನು 7 ದಿನದೊಳಗೆ ರೋಗಿಗೆ ತಿಳಿಸಬೇಕು, ಉಳಿದದ್ದನ್ನು 14 ದಿನದೊಳಗೆ. ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ಸುಲಭ. ವರದಿ ಬಂದು ಯಾರೂ ನೋಡದೆ ಉಳಿದರೆ ಅಪಾಯ. ಒಳ್ಳೆಯ ವಿಭಾಗದಲ್ಲಿ ಪ್ರತಿ ಬಯಾಪ್ಸಿಗೂ ಒಂದು ದಾಖಲೆ ಇರುತ್ತದೆ: ತೆಗೆದ ದಿನ, ವರದಿ ಬಂದ ದಿನ, ರೋಗಿಗೆ ಹೇಳಿದ ದಿನ, ಶಸ್ತ್ರಚಿಕಿತ್ಸೆಯ ದಿನ. ವಿಭಾಗ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಈ ಒಂದು ಪಟ್ಟಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ದೂರದ ಹಳ್ಳಿಗಳಿಗೆ ವಿ.ಎ. ಕಂಡುಕೊಂಡ ದಾರಿ ಫೋಟೋ. ರೋಗಿಯ ಊರಿನ ಹತ್ತಿರದ ಕೇಂದ್ರದಲ್ಲಿ ತರಬೇತಿ ಪಡೆದ ಸಿಬ್ಬಂದಿ ಚರ್ಮದ ಚಿತ್ರಗಳನ್ನು ತೆಗೆಯುತ್ತಾರೆ. ದೂರದಿಂದ ಒಂದು, ಹತ್ತಿರದಿಂದ ಒಂದು, ಬೇಕಾದರೆ ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ಇನ್ನೊಂದು. ತಜ್ಞರು ಅದನ್ನು ಬೇರೆ ಹೊತ್ತಿನಲ್ಲಿ ನೋಡಿ ಉತ್ತರ ಬರೆಯುತ್ತಾರೆ. ಇದರಲ್ಲಿ ಒಂದು ಮಿತಿ ಇದೆ. ಫೋಟೋದಲ್ಲಿ ಬಂದದ್ದಷ್ಟೇ ಕಾಣುತ್ತದೆ. ರೋಗಿ ಕೈಯ ಕಲೆ ತೋರಿಸುತ್ತಾನೆ, ಬೆನ್ನಿನ ಮಚ್ಚೆ ಅಂಗಿಯೊಳಗೇ ಉಳಿಯುತ್ತದೆ. ಯಾರಿಗೆ ಫೋಟೋ ಸಾಕು, ಯಾರನ್ನು ಖುದ್ದಾಗಿ ಕರೆಸಿ ತಲೆಯಿಂದ ಪಾದದವರೆಗೆ ನೋಡಬೇಕು ಎಂಬ ನಿಯಮವನ್ನು ವಿಭಾಗವೇ ಮಾಡಿಕೊಳ್ಳಬೇಕು.

ಹಳೆಯ ಸೇವೆ, ಈಗಿನ ರೋಗ

ಸಾಮಾನ್ಯ ಆಸ್ಪತ್ರೆಯಲ್ಲಿ ಡಾಕ್ಟರು 'ಎಷ್ಟು ದಿನದಿಂದ?' ಎಂದು ಕೇಳುತ್ತಾರೆ. ಇಲ್ಲಿ 'ಎಲ್ಲಿ ಸೇವೆ ಮಾಡಿದಿರಿ?' ಎಂದೂ ಕೇಳಬೇಕು. ವಿಯೆಟ್ನಾಂನಲ್ಲಿ 1962ರಿಂದ 1971ರವರೆಗೆ ಅಮೆರಿಕ ಸೇನೆ ಕಾಡಿನ ಎಲೆ ಉದುರಿಸಲು ಏಜೆಂಟ್ ಆರೆಂಜ್ ಮುಂತಾದ ಕಳೆನಾಶಕಗಳನ್ನು ಸಿಂಪಡಿಸಿತು. ಪೀಪಾಯಿಯ ಮೇಲಿನ ಕಿತ್ತಳೆ ಪಟ್ಟಿಯಿಂದ ಬಂದ ಹೆಸರದು. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ವಿಷದಿಂದ ಕ್ಲೋರಾಕ್ನೆ ಎಂಬ ಮೊಡವೆಯಂಥ ರೋಗ ಬರುತ್ತದೆ. ಸಂಪರ್ಕವಾದ ಒಂದು ವರ್ಷದೊಳಗೆ ನಿಗದಿತ ಪ್ರಮಾಣದಲ್ಲಿ ಅದು ಕಾಣಿಸಿಕೊಂಡಿದ್ದರೆ ಸೇವೆಯಿಂದಲೇ ಬಂದದ್ದೆಂದು ಒಪ್ಪುವ ನಿಯಮವಿದೆ. 2022ರ ಪ್ಯಾಕ್ಟ್ ಕಾನೂನು ಇರಾಕ್, ಅಫ್ಘಾನಿಸ್ತಾನದಂಥ ಕಡೆ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ ಇಂಥದೇ ಸೌಲಭ್ಯ ಕೊಟ್ಟಿತು. ಆ ಪಟ್ಟಿಯಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನ ಸೈನಿಕರ ಮೇಲೆಯೇ ಸಾಸಿವೆ ಅನಿಲದ ಗುಟ್ಟಿನ ಪ್ರಯೋಗ ನಡೆಸಿತ್ತು. ಮೈಯಿಡೀ ಅನಿಲ ತಾಕಿದವರಿಗೆ ನಂತರ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರನ್ನು ಇಂದು ವಿ.ಎ. ಸೇವೆಯ ಪರಿಣಾಮವೆಂದೇ ಒಪ್ಪುತ್ತದೆ. ನಮ್ಮವರಿಗೂ ಇಂಥದೇ ಆಗಿತ್ತು. ಬ್ರಿಟಿಷ್ ವಿಜ್ಞಾನಿಗಳು 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾವಲ್ಪಿಂಡಿಯಲ್ಲಿ ನೂರಾರು ಭಾರತೀಯ ಸೈನಿಕರ ಮೇಲೆ ಸಾಸಿವೆ ಅನಿಲದ ಪರೀಕ್ಷೆ ನಡೆಸಿದ್ದು 2007ರಲ್ಲಿ ಬ್ರಿಟನ್ನಿನ ಪತ್ರಿಕೆಯಲ್ಲಿ ಬಂತು.

ಪರಿಹಾರ ತೀರ್ಮಾನಿಸುವುದು ಬೇರೆ ಶಾಖೆಯಾದರೂ ಚರ್ಮರೋಗ ವಿಭಾಗದ ಬರಹ ಅಲ್ಲಿ ಸಾಕ್ಷಿಯಾಗುತ್ತದೆ. ಇಸಬಿನಂಥ ರೋಗಕ್ಕೆ ಲೆಕ್ಕ ಮೈಯ ವಿಸ್ತಾರದ ಮೇಲಿದೆ: ರೋಗ ಮೈಯ ಶೇ. 5ರಿಂದ 20ರ ಒಳಗೆ ಹರಡಿದ್ದರೆ ಶೇ. 10ರ ಅಂಗವೈಕಲ್ಯ, ಶೇ. 20ರಿಂದ 40 ಹರಡಿದ್ದರೆ ಶೇ. 30, ಶೇ. 40 ಮೀರಿದರೆ ಶೇ. 60. ರೋಗಿಯ ಬೆರಳು ಸೇರಿದ ಒಂದು ಅಂಗೈಯ ಅಗಲ ಮೈಯ ಸುಮಾರು ಶೇ. 1 ಎಂದು ಅಳತೆ. ಕಿರಿಯ ಡಾಕ್ಟರು ಅವಸರದಲ್ಲಿ 'ಕೈಕಾಲಿಗೆ ಇಸಬು' ಎಂದಷ್ಟೇ ಬರೆದರೆ ಒಬ್ಬ ಮನುಷ್ಯನ ಪಿಂಚಣಿಯ ಮಟ್ಟವೇ ಬದಲಾಗಬಹುದು. ಎಷ್ಟು ಅಂಗೈ ಎಂದು ಬರೆಯಲು ಕಲಿಸುವುದು ಮುಖ್ಯಸ್ಥರ ಕೆಲಸ.

ಉಳಿದ ರೋಗಿಗಳೂ ಬಗೆಬಗೆಯವರು. ಗುಂಗುರು ಕೂದಲಿನ ಕಪ್ಪು ಸೈನಿಕರಿಗೆ ದಿನಾ ಗಡ್ಡ ಬೋಳಿಸುವ ನಿಯಮದಿಂದ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಗಳಾಗುತ್ತವೆ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ತಾಗುವಲ್ಲಿ ಬೆವರು, ಉಜ್ಜುವಿಕೆ, ಹುಣ್ಣು. ಚರ್ಮ ಸರಿಯಿಲ್ಲದಿದ್ದರೆ ಎಷ್ಟು ಬೆಲೆಯ ಕೃತಕ ಕಾಲಾದರೂ ಮೂಲೆಯಲ್ಲಿ ನಿಂತಿರುತ್ತದೆ.

ಒಂದು ಮುಲಾಮಿನ ಕಥೆ

ಈ ವಿಭಾಗಗಳ ದೊಡ್ಡ ಸಾಧನೆ ಸರತಿಯ ಕಷ್ಟದಿಂದಲೇ ಹುಟ್ಟಿತು. ಬಿಳಿ ಚರ್ಮದ ವಯಸ್ಸಾದ ಸೈನಿಕರ ಮುಖ, ಕಿವಿಗಳಲ್ಲಿ ಬಿಸಿಲಿನಿಂದ ಬರುವ ಕ್ಯಾನ್ಸರುಗಳು ಮತ್ತೆ ಮತ್ತೆ ಬರುತ್ತವೆ, ಪ್ರತಿ ಸಲ ಕತ್ತರಿಸಬೇಕು. ಮೊದಲೇ ತಡೆಯಲಾಗದೇ? ಪ್ರಾವಿಡೆನ್ಸ್ ವಿ.ಎ. ಆಸ್ಪತ್ರೆಯ ಚರ್ಮರೋಗ ವಿಭಾಗದ ಮುಖ್ಯಸ್ಥ ಡಾ. ಮಾರ್ಟಿನ್ ವೈನ್‌ಸ್ಟಾಕ್ ಅವರ ನೇತೃತ್ವದಲ್ಲಿ ಹಲವು ವಿ.ಎ. ಆಸ್ಪತ್ರೆಗಳು ಕೂಡಿ ಇದನ್ನು ಪರೀಕ್ಷಿಸಿದವು. ಮೊದಲು 1131 ಮಾಜಿ ಸೈನಿಕರಲ್ಲಿ ಟ್ರೆಟಿನಾಯಿನ್ ಮುಲಾಮು. ಅದನ್ನು ಹಚ್ಚಿದ ಗುಂಪಿನಲ್ಲಿ ಸಾವುಗಳು ಹೆಚ್ಚು ಕಂಡದ್ದರಿಂದ ಔಷಧವನ್ನು ಆರು ತಿಂಗಳು ಮೊದಲೇ ನಿಲ್ಲಿಸಿದರು. ಮುಲಾಮೇ ಕಾರಣವಿರಲಾರದು ಎಂದು ಸಂಶೋಧಕರು ಆಮೇಲೆ ಹೇಳಿದರೂ, ಕ್ಯಾನ್ಸರ್ ತಡೆಯುವಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು.

ಎರಡನೆಯ ಸಲ 12 ಆಸ್ಪತ್ರೆಗಳ 932 ಮಂದಿಯನ್ನು ತೆಗೆದುಕೊಂಡರು. ಎಲ್ಲರಿಗೂ ಹಿಂದಿನ ಐದು ವರ್ಷದಲ್ಲಿ ಕನಿಷ್ಠ ಎರಡು ಸಲ ಇಂಥ ಕ್ಯಾನ್ಸರ್ ಆಗಿತ್ತು. ಅರ್ಧದಷ್ಟು ಜನರಿಗೆ ಶೇ. 5ರ ಫ್ಲೋರೋಯುರಾಸಿಲ್ ಮುಲಾಮು, ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಮುಖ ಕೆಂಪಾಗಿ ಹಕ್ಕಳೆ ಕಟ್ಟುತ್ತದೆ, ಹೊರಗೆ ಹೋಗಲು ಮುಜುಗರ. ಆದರೆ ಮೊದಲ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಬೇಕಾದ ಸ್ಕ್ವಾಮಸ್ ಕ್ಯಾನ್ಸರ್ ಬಂದದ್ದು ಆ ಗುಂಪಿನಲ್ಲಿ 5 ಮಂದಿಗೆ, ಬರೀ ಲೇಪ ಹಚ್ಚಿದವರಲ್ಲಿ 20 ಮಂದಿಗೆ. ಅಂದರೆ ಶೇ. 75ರಷ್ಟು ಇಳಿಕೆ. ಒಂದು ವರ್ಷ ಕಳೆದ ಮೇಲೆ ಆ ರಕ್ಷಣೆ ಉಳಿಯಲಿಲ್ಲ. 2018ರಲ್ಲಿ ಪ್ರಕಟವಾದ ಈ ಫಲಿತಾಂಶ ಬಂದದ್ದು ಯಾವುದೋ ಹೊಸ ದುಬಾರಿ ಔಷಧದಿಂದ ಅಲ್ಲ, ದಶಕಗಳಿಂದ ಅಂಗಡಿಯಲ್ಲಿದ್ದ ಮುಲಾಮಿನಿಂದ. ನಮ್ಮವರು ಇದನ್ನು ಓದಿ ತಾವೇ ತಂದು ಹಚ್ಚಬಾರದು. ನಮ್ಮ ಚರ್ಮಕ್ಕೆ ಆ ಬಿಸಿಲಿನ ಕ್ಯಾನ್ಸರ್ ಬರುವುದು ಅಪರೂಪ.

ನಮ್ಮ ಕಡೆಯ ಮಾಜಿ ಸೈನಿಕರಿಗೆ

ನಮ್ಮಲ್ಲಿ ಮಾಜಿ ಸೈನಿಕರ ಚಿಕಿತ್ಸೆಗೆ 2003ರ ಏಪ್ರಿಲ್ 1ರಿಂದ ಇ.ಸಿ.ಎಚ್.ಎಸ್. ಯೋಜನೆ ಇದೆ. ಸದಸ್ಯರು ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿಂದ ಸೇನಾ ಆಸ್ಪತ್ರೆಗೋ ಒಪ್ಪಂದದ ಖಾಸಗಿ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಚರ್ಮದ ತೊಂದರೆಗೆಂದು ಇಷ್ಟು ಓಡಾಟ ಯಾಕೆ ಎಂದು ನಮ್ಮ ಹಿರಿಯರು ಅಂಗಡಿಯ ಮುಲಾಮನ್ನೇ ತರುತ್ತಾರೆ. ಹುಳುಕಡ್ಡಿಗೆ ಸ್ಟೆರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನ ತಗ್ಗುತ್ತದೆ, ರೋಗ ಮಾತ್ರ ಹರಡುತ್ತಲೇ ಇರುತ್ತದೆ.

ಕೆಲವು ಲಕ್ಷಣಗಳಿಗೆ ಕಾಯುವುದು ಬೇಡ. ಹಳೆಯ ಸುಟ್ಟಗಾಯ, ಗುಂಡಿನ ಗಾಯ ಅಥವಾ ಹಿಮದಿಂದ ಕೊರೆದ ಗಾಯದ ಕಲೆಯಲ್ಲಿ ಹೊಸದಾಗಿ ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೆ, ಅಂಚು ಗಟ್ಟಿಯಾಗಿ ಎದ್ದರೆ, ಬಯಾಪ್ಸಿ ಮಾಡಿಸಲೇಬೇಕು. ಹಳೆಯ ಕಲೆಯಲ್ಲಿ ದಶಕಗಳ ನಂತರ ಕ್ಯಾನ್ಸರ್ ಹುಟ್ಟುವುದುಂಟು. ಮಾರ್ಜೊಲಿನ್ ಹುಣ್ಣು ಎಂದು ಅದಕ್ಕೆ ಹೆಸರು, ಚರ್ಮದ ಬಣ್ಣ ಯಾವುದಾದರೂ ಬರಬಹುದು. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುತ್ತದೆ. ಬೆಳೆಯುತ್ತಿರುವ ಕಪ್ಪು ಮಚ್ಚೆ, ಅಗಲವಾಗುತ್ತಿರುವ ಉಗುರಿನ ಕಪ್ಪು ಗೆರೆ ಕಂಡರೆ ಬೂಟಿನ ಒತ್ತು ಎಂದು ಬಿಡಬೇಡಿ. ಸ್ಪರ್ಶವಿಲ್ಲದ ಮಸುಕು ಕಲೆ ಕುಷ್ಠವಿರಬಹುದು. ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ.

ಇನ್ನು ಕಾಗದಪತ್ರ. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ರೋಗಕ್ಕೆ ಅಂಗವೈಕಲ್ಯ ಪಿಂಚಣಿ ನಮ್ಮಲ್ಲೂ ಇದೆ. ಬಿಡುಗಡೆಯ ಹೊತ್ತಿನ ವೈದ್ಯಕೀಯ ಮಂಡಳಿಯ ವರದಿ, ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಒ. ಮೂರರ ಪ್ರತಿಯನ್ನೂ ಒಂದೇ ಚೀಲದಲ್ಲಿಡಿ. ಸಲಹೆಗೆ ನೀವು ವಾಸಿಸುವ ರಾಜ್ಯದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೇ ಹೋಗಬೇಕು. ಜತ್ತದವರು ಮಹಾರಾಷ್ಟ್ರದ ಕಚೇರಿಗೆ, ತಾಳವಾಡಿಯವರು ತಮಿಳುನಾಡಿನ ಕಚೇರಿಗೆ. ಎದುರಿಗಿರುವ ಡಾಕ್ಟರಿಗೆ ಕನ್ನಡ ಬಾರದಿರಬಹುದು. ಆದ್ದರಿಂದ ಮನೆಯ ಮಕ್ಕಳ ಕೈಯಲ್ಲಿ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಳ್ಳಿ: ಯಾವ ವರ್ಷ ಎಲ್ಲಿ ಸೇವೆ, ಯಾವ ಗಾಯ, ಕಲೆ ಮೊದಲು ಕಂಡದ್ದು ಯಾವಾಗ, ಈವರೆಗೆ ಹಚ್ಚಿದ ಮುಲಾಮುಗಳ ಹೆಸರು. ಖಾಲಿ ಟ್ಯೂಬುಗಳನ್ನು ಎಸೆಯದೆ ಜೊತೆಗೇ ಒಯ್ಯಿರಿ.