ಗಡ್ಡೆ ಬೆಳೆಯದೆ ನಿಂತದ್ದೇಕೆ?

ರಕ್ತನಾಳಗಳು ದೇಹದ ಮೂಲೆಮೂಲೆಗೂ ಆಹಾರ, ಆಮ್ಲಜನಕ ಒಯ್ಯುತ್ತವೆ ಎಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಕ್ಯಾನ್ಸರ್ ಗಡ್ಡೆಯೂ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬರಮಾಡಿಕೊಳ್ಳುತ್ತದೆ ಎಂಬುದನ್ನು ವಿಜ್ಞಾನಲೋಕ ಒಪ್ಪಲು ಮಾತ್ರ ಬಹಳ ಕಾಲ ಹಿಡಿಯಿತು.

1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ಜೂಡಾ ಫೋಕ್‌ಮನ್ ಎಂಬ ಯುವ ಶಸ್ತ್ರವೈದ್ಯರು ಫ್ರೆಡರಿಕ್ ಬೆಕರ್ ಅವರೊಡನೆ ರಕ್ತಕ್ಕೆ ಬದಲಿಯಾಗಬಲ್ಲ ದ್ರವವನ್ನು ಹುಡುಕುತ್ತಿದ್ದರು. ಪ್ರಾಣಿಯ ದೇಹದಿಂದ ತೆಗೆದ ಥೈರಾಯಿಡ್ ಗ್ರಂಥಿಯನ್ನು ಆ ದ್ರವ ಹರಿಸಿ ಜೀವಂತವಾಗಿಟ್ಟು, ಅದರೊಳಗೆ ಕ್ಯಾನ್ಸರ್ ಜೀವಕೋಶಗಳನ್ನು ಸೇರಿಸಿದರು. ಗಡ್ಡೆಗಳು 1-2 ಮಿಲಿಮೀಟರಿನಷ್ಟು ಬೆಳೆದು ನಿಂತುಬಿಟ್ಟವು. ಸತ್ತವೇ ಎಂದರೆ ಅದೂ ಅಲ್ಲ. ಇಲಿಯ ದೇಹದಲ್ಲಿ ಇಟ್ಟಾಗ ಅವೇ ಗಡ್ಡೆಗಳು ಭರದಿಂದ ಬೆಳೆದವು. ಇಲಿಯಲ್ಲಿ ಅವಕ್ಕೆ ಹೊಸ ರಕ್ತನಾಳಗಳು ಸಿಕ್ಕಿದ್ದವು, ಗ್ರಂಥಿಯಲ್ಲಿ ಸಿಕ್ಕಿರಲಿಲ್ಲ.

ಲೋಮನಾಳದಿಂದ ಆಮ್ಲಜನಕ ಹರಡುವುದು ಸುಮಾರು 0.1-0.2 ಮಿ.ಮೀ. ದೂರ ಮಾತ್ರ. ಅದರಾಚೆಯ ಜೀವಕೋಶಗಳು ಬದುಕಲಾರವು. ಹಾಗಾಗಿ ಗಡ್ಡೆ ಯಾವುದೋ ರಾಸಾಯನಿಕವನ್ನು ಸ್ರವಿಸಿ ಅಕ್ಕಪಕ್ಕದ ರಕ್ತನಾಳಗಳು ತನ್ನತ್ತ ಕವಲೊಡೆಯುವಂತೆ ಮಾಡುತ್ತದೆ, ಅದನ್ನು ತಡೆದರೆ ಗಡ್ಡೆಯ ಬೆಳವಣಿಗೆಯೂ ನಿಲ್ಲುತ್ತದೆ ಎಂದು ಫೋಕ್‌ಮನ್ 1971ರಲ್ಲಿ ಬರೆದರು. ಹಲವರು ನಂಬಲಿಲ್ಲ. ಗಡ್ಡೆಯ ಸುತ್ತಲಿನ ರಕ್ತನಾಳಗಳು ಬರಿಯ ಉರಿಯೂತದ ಫಲ ಎಂಬುದು ಅವರ ವಾದವಾಗಿತ್ತು.

ಉತ್ತರ ನಿಧಾನವಾಗಿ ಬಂತು. 1980ರ ದಶಕದಲ್ಲಿ ಫೋಕ್‌ಮನ್‌ರ ಪ್ರಯೋಗಾಲಯದಲ್ಲಿಯೇ ಅಂಥ ಒಂದು ಪ್ರೋಟೀನನ್ನು ಶುದ್ಧೀಕರಿಸಲಾಯಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ವಿ.ಇ.ಜಿ.ಎಫ್. ಎಂಬ ಮುಖ್ಯ ಪ್ರೋಟೀನನ್ನು ಗುರುತಿಸಿದರು. ಅದನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕಿಮೊಥೆರಪಿಯ ಜೊತೆ ಇದನ್ನು ಕೊಟ್ಟಾಗ ರೋಗಿಗಳು ಬದುಕಿದ ಮಧ್ಯಮ ಅವಧಿ 15.6 ತಿಂಗಳಿಂದ 20.3 ತಿಂಗಳಿಗೆ ಏರಿತು.

ಸುಮಾರು ಐದು ತಿಂಗಳು! ಮನೆಯವರ ಪಾಲಿಗೆ ಅದು ಸಣ್ಣದಲ್ಲ. ಆದರೆ ರೋಗ ಗುಣವಾಗಲಿಲ್ಲ. 1998ರಲ್ಲಿ ಇಲಿಗಳ ಮೇಲಿನ ಫಲಿತಾಂಶ ಕಂಡು ಪತ್ರಿಕೆಗಳು ಹುಟ್ಟಿಸಿದ್ದ ಭಾರೀ ಆಸೆ ಮನುಷ್ಯರಲ್ಲಿ ಈಡೇರಲಿಲ್ಲ. ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಸ್ತನ ಕ್ಯಾನ್ಸರ್‌ಗೆ ಇದೇ ಔಷಧಿಗೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2011ರಲ್ಲಿ ಹಿಂತೆಗೆದುಕೊಂಡಿತು. ಆದರೆ ಮುಪ್ಪಿನಲ್ಲಿ ಅಕ್ಷಿಪಟಲದ ಕೆಳಗೆ ಬೇಡದ ರಕ್ತನಾಳ ಬೆಳೆದು ದೃಷ್ಟಿ ಕಳೆದುಕೊಳ್ಳುತ್ತಿದ್ದ ಅನೇಕರಿಗೆ ವಿ.ಇ.ಜಿ.ಎಫ್. ತಡೆಯುವ ಚುಚ್ಚುಮದ್ದು ನೆರವಾಯಿತು.

ಫೋಕ್‌ಮನ್ 2008ರಲ್ಲಿ ತೀರಿಕೊಂಡರು. ರಕ್ತ ಪರಿಚಲನೆಯ ಪಾಠ ಮಾಡುವಾಗ ಮಕ್ಕಳಿಗೆ ಈ ಕಥೆಯನ್ನೂ ಹೇಳಬೇಕೆಂದು ನಮಗನಿಸುತ್ತದೆ. ಪ್ರಯೋಗ ಅರ್ಧಕ್ಕೆ ನಿಂತಂತೆ ಕಂಡಾಗ ಅದನ್ನು ಬದಿಗೊತ್ತದೆ, 'ಏಕೆ ನಿಂತಿತು?' ಎಂದು ಕೇಳುವುದನ್ನು ಅವರು ಕಲಿಯಲಿ.