ದಿನ ತುಂಬದ ಕೂಸಿನ ಮಿದುಳು: ದೂರು ತಾಯಿಯ ಮೇಲೇಕೆ?

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಕೈಕಾಲು ಬಿಗಿಯಾದರೆ, ನಡಿಗೆ ತಡವಾದರೆ, ನಮ್ಮಲ್ಲಿ ಮೊದಲ ಪ್ರಶ್ನೆ ತಾಯಿಗೇ: "ಬಸುರಿಯಲ್ಲಿ ಏನು ತಿಂದೆ? ಗ್ರಹಣದಲ್ಲಿ ಹೊರಗೆ ಹೋಗಿದ್ದೆಯಾ?" ಇದಕ್ಕೆ ವೈದ್ಯಕೀಯ ಇತಿಹಾಸದ ಉತ್ತರವೇನೆಂದು ಹುಡುಕಿ ಓದಿದ್ದನ್ನು ವೇದಿಕೆಯ ಸೋದರಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಡಾ. ವಿಲಿಯಂ ಜಾನ್ ಲಿಟಲ್ ಒಂದು ಪ್ರಬಂಧ ಓದಿದರು. ಅವಧಿಗೆ ಮುಂಚಿನ ಜನನ, ಕಷ್ಟದ ಹೆರಿಗೆ, ಹುಟ್ಟುವಾಗ ಉಸಿರುಗಟ್ಟುವುದು, ಇವುಗಳಿಗೂ ಮಕ್ಕಳ ಕೈಕಾಲಿನ ಬಿಗಿತಕ್ಕೂ ನಂಟಿದೆ ಎಂದರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇನ್ನೊಂದು ಮಾತು ಸೇರಿಸಿದರು: ಗರ್ಭದಲ್ಲಿ ಮೊದಲೇ ಇದ್ದ ತೊಂದರೆಯಿಂದಲೂ ಹೆರಿಗೆ ಕಷ್ಟವಾಗಿರಬಹುದು.

ಬದುಕಿರುವ ಶಿಶುವಿನ ಮಿದುಳಿನೊಳಗೆ ಇಣುಕಲು ಸಿ.ಟಿ. ಸ್ಕ್ಯಾನ್ ಬರಬೇಕಾಯಿತು. 1978ರಲ್ಲಿ ಅಮೆರಿಕದ ವೈದ್ಯೆ ಲು-ಆನ್ ಪಪೀಲ್ ಮತ್ತು ಸಂಗಡಿಗರು 1,500 ಗ್ರಾಂಗಿಂತ ಕಡಿಮೆ ತೂಕದ 46 ಶಿಶುಗಳನ್ನು ಪರೀಕ್ಷಿಸಿದಾಗ 20 ಶಿಶುಗಳ ಮಿದುಳಿನಲ್ಲಿ ರಕ್ತಸ್ರಾವ ಕಂಡಿತು. ಎಳೆಯ ಮಿದುಳಿನ ಒಳಭಾಗದ ರಕ್ತನಾಳಗಳು ತೀರಾ ನಾಜೂಕು. ರಕ್ತದೊತ್ತಡದ ಏರಿಳಿತ, ಉಸಿರಾಟದ ತೊಂದರೆಯನ್ನು ತಾಳಲಾರವು. ಹೆಚ್ಚಿನ ಸ್ರಾವ ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ಗರ್ಭಕೋಶದೊಳಗಿನ ಸೋಂಕೂ ಅಪಾಯ ಹೆಚ್ಚಿಸುತ್ತದೆ. ಈ ಪಟ್ಟಿಯಲ್ಲಿ ಗ್ರಹಣ ಎಲ್ಲೂ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಪರಿಹಾರದ ಕಥೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಡಾ. ಲಿಗಿನ್ಸ್ ಕುರಿಗಳ ಮೇಲೆ ಪ್ರಯೋಗ ನಡೆಸಿದ್ದರು. 1972ರಲ್ಲಿ ಅವರೂ ಡಾ. ಹೋವಿಯೂ 282 ತಾಯಂದಿರ ಅಧ್ಯಯನ ಪ್ರಕಟಿಸಿದರು. ಅವಧಿಗೆ ಮುಂಚೆ ಹೆರಿಗೆಯಾಗುವಂತಿದ್ದರೆ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟಾಗ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಮಿದುಳಿನ ರಕ್ತಸ್ರಾವವೂ ಕಡಿಮೆಯಾಗುತ್ತದೆಂದು ಮುಂದೆ ಖಚಿತವಾಯಿತು. ಆದರೂ ಅಮೆರಿಕದ ತಜ್ಞರ ಸಮಿತಿ ಇದನ್ನು ವ್ಯಾಪಕವಾಗಿ ಬಳಸಿರೆಂದು ಹೇಳಿದ್ದು 1994ರಲ್ಲಿ. ನಡುವೆ 22 ವರ್ಷ! ನಮ್ಮಂಥ ದೇಶಗಳಿಗೂ ಇದು ಒಗ್ಗುತ್ತದೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪರೀಕ್ಷಿಸಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು. ನವಜಾತ ಶಿಶುಗಳ ಸಾವು ಕಡಿಮೆಯಾಯಿತೆಂಬ ಫಲಿತಾಂಶ 2020ರಲ್ಲಿ ಬಂತು.

ಆದರೆ ಈ ಮದ್ದಿಗೆ ಸಮಯ ಬೇಕು. ಪೂರ್ತಿ ಫಲಕ್ಕೆ ಸುಮಾರು ಒಂದು ದಿನ. ಹಾಗಾಗಿ ದಿನ ತುಂಬುವ ಮುನ್ನ ನೋವು ಬಂದರೆ, ನೀರು ಒಡೆದರೆ, ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೆರಿಗೆಗೆ ಮೊದಲೇ ತಲುಪುವುದು ಒಳ್ಳೆಯದು. ಹುಟ್ಟಿದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ತಾಯಿಯ ಒಡಲಲ್ಲೇ ಸಾಗಿಸುವುದು ಕ್ಷೇಮ. ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆ "ಏನು ತಿಂದೆ?" ಎಂದಲ್ಲ, "ಹೊರಡೋಣವೇ?" ಎಂದು.